ಓರೆಯಾಗಿ ಎಳೆದ ಗೆರೆಗಳು

ಜಾವಾ ದ್ವೀಪದ ಯೋಗ್ಯಕರ್ತ ನಗರದಲ್ಲಿ, ಸುಲ್ತಾನರ ಅರಮನೆಯ ಮುಂದಿನ ಬಯಲಿನ ಪಶ್ಚಿಮ ಅಂಚಿಗೆ ಒಂದು ದೊಡ್ಡ ಮಸೀದಿ ಇದೆ. 1773ರಲ್ಲಿ ಕಟ್ಟಿದ್ದು. ಅದು ಮಸೀದಿ ಎಂದು ನಮಗೆ ಮೊದಲ ನೋಟಕ್ಕೆ ಹೊಳೆಯುವುದಿಲ್ಲ. ಗುಮ್ಮಟ ಇಲ್ಲ, ಮರದ ಕಂಬಗಳ ಮೇಲೆ ಒಂದರ ಮೇಲೊಂದು ಏರಿದ ಮೂರು ಇಳಿಜಾರು ಚಾವಣಿಗಳು. ಮೂಡುಬಿದಿರೆಯ ಬಸದಿಯನ್ನು ಕಂಡವರಿಗೆ ಆ ಚಾವಣಿ ಪರಿಚಿತವೆನಿಸೀತು. ಒಳಗೆ ಇನ್ನೊಂದು ವಿಶೇಷ ಉಂಟು. ಕಟ್ಟಡದ ದಿಕ್ಕು ನೇರ ಪಶ್ಚಿಮಕ್ಕಿದೆ; ಆದರೆ ಪ್ರಾರ್ಥನೆಗೆ ನಿಲ್ಲುವ ಸಾಲುಗಳು ಗೋಡೆಗೆ ಸಮಾನಾಂತರವಾಗಿಲ್ಲ, ಬಲಕ್ಕೆ ಓರೆಯಾಗಿವೆ. ಈ ಓರೆಯ ಹಿಂದೆ ಒಂದು ಲೆಕ್ಕ ಇದೆ, ಲೆಕ್ಕದ ಹಿಂದೆ ಒಂದು ಜಗಳ ಇದೆ.

ಆ ಜಗಳದ ಕಥೆ ಈ ವಾರ ಹೇಳಲು ಕಾರಣ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳ ಪ್ರಶ್ನೆ. "ಸಾರ್, ಡಚ್ಚರು ಅಷ್ಟು ವರ್ಷ ಆಳಿದರೂ ಇಂಡೋನೇಷ್ಯಾದಲ್ಲಿ ಇಸ್ಲಾಂ ಕಡಿಮೆಯಾಗದೆ ಇನ್ನೂ ಬೆಳೆದದ್ದು ಹೇಗೆ?" ಸಮಾಜ ವಿಜ್ಞಾನದ ಪ್ರಶ್ನೆ ವಿಜ್ಞಾನದ ಮೇಷ್ಟರ ಪಾಲಿಗೆ ಏಕೆ ಬಂತೋ ತಿಳಿಯದು. ಪ್ರಶ್ನೆ ಮಾತ್ರ ಬಹಳ ಒಳ್ಳೆಯದು. ನಮ್ಮ ಪುಸ್ತಕಗಳು ಮಸಾಲೆ ವ್ಯಾಪಾರಿಗಳ ಜೊತೆ ಇಸ್ಲಾಂ ಅಲ್ಲಿಗೆ ತಲುಪಿತು ಎಂದು ಹೇಳಿ ನಿಂತುಬಿಡುತ್ತವೆ. ಆಮೇಲೆ ಬರುವುದೆಲ್ಲ ಡಚ್ಚರು, ಲವಂಗ, ಸಕ್ಕರೆ. ಆ ಜನರ ಮನೆಯೊಳಗೆ, ಮನಸ್ಸಿನೊಳಗೆ ಏನಾಯಿತು ಎಂಬುದಕ್ಕೆ ಪುಟ ಇಲ್ಲ.

ಮೊದಲು ಒಂದು ಮಾತು ಸ್ಪಷ್ಟವಾಗಬೇಕು. ಹರಡುವುದು ಎಂದರೆ ಎರಡು ಬಗೆ. ಲೋಟದ ನೀರಿಗೆ ಬಿದ್ದ ಶಾಯಿಯ ಹನಿ ಅಗಲಕ್ಕೆ ಹರಡುತ್ತದೆ. ಬಿರಿದ ನೆಲಕ್ಕೆ ಬಿದ್ದ ಮಳೆ ಆಳಕ್ಕೆ ಇಳಿಯುತ್ತದೆ. ಜಾವಾದ ಜನ ಡಚ್ಚರ ಆಳ್ವಿಕೆ ಗಟ್ಟಿಯಾಗುವ ಮೊದಲೇ ಬಹುಮಟ್ಟಿಗೆ ಮುಸ್ಲಿಮರಾಗಿದ್ದರು. ಆದರೆ ಆ ಇಸ್ಲಾಂ ಹಳೆಯ ಜಾವಾದ ನೆಲದ ಮೇಲೆ ತೆಳುವಾಗಿ ಹಾಸಿದಂತಿತ್ತು. ಹುಟ್ಟು, ಸಾವು, ಬಿತ್ತನೆ ಎಲ್ಲಕ್ಕೂ 'ಸ್ಲಾಮೆತಾನ್' ಎಂಬ ಊಟದ ಕೂಟ. ಪೂರ್ವಿಕರ ಗೋರಿಗಳಿಗೆ ಹರಕೆ. ತೊಗಲುಬೊಂಬೆ ಆಟದಲ್ಲಿ ರಾಮ, ಭೀಮ, ಅರ್ಜುನ. ಯೋಗ್ಯಕರ್ತ ಎಂಬ ಹೆಸರಿನಲ್ಲೇ ಅಯೋಧ್ಯೆ ಅಡಗಿದೆ. ಅರಬ್ಬಿ ಪ್ರಾರ್ಥನೆಯನ್ನು ಜನ ಬಾಯಿಪಾಠ ಮಾಡುತ್ತಿದ್ದರು. ಅರ್ಥ ತಿಳಿದವರು ಕೆಲವರು. ವಸಾಹತು ಕಾಲದಲ್ಲಿ ನಡೆದದ್ದು ಮುಖ್ಯವಾಗಿ ಈ ಎರಡನೆಯ ಬಗೆಯ ಹರಡುವಿಕೆ, ಮಳೆಯಂಥದ್ದು.

ಡಚ್ಚರಿಗೆ ಧರ್ಮದ ಭಯ ಇದ್ದೇ ಇತ್ತು. 1825ರಿಂದ 1830ರವರೆಗೆ ಯೋಗ್ಯಕರ್ತದ ರಾಜಕುಮಾರ ದಿಪೊನೆಗೊರೊ ಅವರ ವಿರುದ್ಧ ದೊಡ್ಡ ಯುದ್ಧವನ್ನೇ ನಡೆಸಿದ್ದ. ಧರ್ಮದ ಹೆಸರಿನಲ್ಲೇ ಜನ ಅವನ ಹಿಂದೆ ನಿಂತಿದ್ದರು. ಅದರಲ್ಲಿ ಸುಮಾರು ಎರಡು ಲಕ್ಷ ಜಾವಾದವರು ಸತ್ತರೆಂದು ಅಂದಾಜು. ಹಜ್ ಯಾತ್ರೆಗೆ ಹೋಗಿ ಬಂದವರ ಮೇಲೆ ಆಗ ಸರ್ಕಾರಕ್ಕೆ ಗುಮಾನಿ. ಆದರೆ 1869ರಲ್ಲಿ ಸೂಯೆಜ್ ಕಾಲುವೆ ತೆರೆದು, ಉಗಿಹಡಗುಗಳು ಹೆಚ್ಚಿ, ಮೆಕ್ಕಾ ಹತ್ತಿರವಾಯಿತು. ಹೋಗುವವರನ್ನು ತಡೆಯುವುದು ಕಷ್ಟವಾಯಿತು. ಆಗ ಸ್ನೌಕ್ ಹುರ್ಗ್ರೋನ್ಯೆ ಎಂಬ ಡಚ್ ವಿದ್ವಾಂಸ 1884-85ರಲ್ಲಿ ತಾನೇ ಮೆಕ್ಕಾಕ್ಕೆ ಹೋಗಿ, ಮುಸ್ಲಿಂ ಹೆಸರಿಟ್ಟುಕೊಂಡು ತಿಂಗಳುಗಟ್ಟಲೆ ಇದ್ದು ಬಂದ. ಮುಂದೆ ಅವನೇ ಸರ್ಕಾರದ ಸಲಹೆಗಾರನಾದ. ಅವನ ಸೂತ್ರ ಸರಳ: ಪ್ರಾರ್ಥನೆ, ಉಪವಾಸ, ಯಾತ್ರೆಗಳಿಗೆ ಅಡ್ಡಿ ಮಾಡಬೇಡಿ, ಧರ್ಮ ರಾಜಕೀಯಕ್ಕೆ ಕೈ ಹಾಕಿದರೆ ಮಾತ್ರ ಬಿಡಬೇಡಿ. ಬಹಳ ಜಾಣ ಸೂತ್ರ. ಹೀಗೆ ಬಿಟ್ಟ ಕಿಂಡಿಯಲ್ಲಿ ಎಷ್ಟು ಬೆಳಕು ನುಗ್ಗಬಹುದು ಎಂಬ ಲೆಕ್ಕ ಮಾತ್ರ ಅವನಿಗೂ ಸಿಕ್ಕಿರಲಿಲ್ಲ.

ಆ ಕಿಂಡಿಯಲ್ಲಿ ನುಗ್ಗಿದವರಲ್ಲಿ ಒಬ್ಬರು ಅಹ್ಮದ್ ದಹ್ಲಾನ್. ಹುಟ್ಟಿದ್ದು 1868ರಲ್ಲಿ, ದೊಡ್ಡ ಮಸೀದಿಯ ಬೆನ್ನಿಗಿರುವ ಕೌಮಾನ್ ಕೇರಿಯಲ್ಲಿ. ತಂದೆ ಅದೇ ಮಸೀದಿಯಲ್ಲಿ ಶುಕ್ರವಾರದ ಪ್ರವಚನ ನೀಡುವ ಖತೀಬರು. ಹುಡುಗನ ಹೆಸರು ಮುಹಮ್ಮದ್ ದರ್ವಿಸ್. ಹದಿಹರೆಯದಲ್ಲೇ ಮೆಕ್ಕಾಕ್ಕೆ ಹೋಗಿ ಕೆಲವು ವರ್ಷ ಓದಿ, ಹೊಸ ಹೆಸರಿನೊಂದಿಗೆ ಮರಳಿದರು. ಜೀವನಕ್ಕೆ ಬಾತಿಕ್ ಬಟ್ಟೆಯ ವ್ಯಾಪಾರ. ತಂದೆ ತೀರಿಕೊಂಡ ಮೇಲೆ ಖತೀಬರ ಹುದ್ದೆಯೂ ಬಂತು. ಈಜಿಪ್ಟಿನ ಮುಹಮ್ಮದ್ ಅಬ್ದುಹ್ ಅವರ ವಿಚಾರಗಳನ್ನು ಅವರು ಓದಿಕೊಂಡಿದ್ದರು. ಧರ್ಮಗ್ರಂಥಕ್ಕೂ ಬುದ್ಧಿಗೂ ವೈರವಿಲ್ಲ, ರೂಢಿಯನ್ನು ಧರ್ಮವೆಂದು ತಿಳಿಯಬಾರದು ಎಂಬುದು ಆ ವಿಚಾರಗಳ ತಿರುಳು.

ಈಗ ಲೆಕ್ಕಕ್ಕೆ ಬರೋಣ. ಮುಸ್ಲಿಮರು ಪ್ರಾರ್ಥಿಸುವಾಗ ಮೆಕ್ಕಾದ ಕಾಬಾದ ಕಡೆಗೆ ಮುಖ ಮಾಡಬೇಕು. ಆ ದಿಕ್ಕಿಗೆ ಕಿಬ್ಲಾ ಎಂದು ಹೆಸರು. ಜಾವಾದವರು ಮೆಕ್ಕಾ ಪಶ್ಚಿಮಕ್ಕಿದೆ ಎಂದು ತಿಳಿದು ಮಸೀದಿಗಳನ್ನು ಸುಮಾರಾಗಿ ಪಶ್ಚಿಮಕ್ಕೆ ತಿರುಗಿಸಿ ಕಟ್ಟುತ್ತಿದ್ದರು. ಮನೆಯಲ್ಲಿ ಗ್ಲೋಬ್ ಇದ್ದರೆ ತೆಗೆದುಕೊಳ್ಳಿ. ಜಾವಾ ಸಮಭಾಜಕ ವೃತ್ತದ ಕೆಳಗಿದೆ. ಯೋಗ್ಯಕರ್ತದ ಅಕ್ಷಾಂಶ ಸುಮಾರು 7.8 ಡಿಗ್ರಿ ದಕ್ಷಿಣ. ಮೆಕ್ಕಾ ಮೇಲಿದೆ, 21.4 ಡಿಗ್ರಿ ಉತ್ತರ. ಎರಡರ ನಡುವೆ ಒಂದು ದಾರವನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ಗೋಲದ ಮೇಲೆ ಅತಿ ಹತ್ತಿರದ ದಾರಿ ಅದೇ, ಸುಮಾರು 8,300 ಕಿಲೋಮೀಟರ್. ಯೋಗ್ಯಕರ್ತದಲ್ಲಿ ಆ ದಾರ ಪಶ್ಚಿಮಕ್ಕೆ ಹೊರಡುವುದಿಲ್ಲ. ಪಶ್ಚಿಮದಿಂದ ಉತ್ತರಕ್ಕೆ ಸುಮಾರು 24.7 ಡಿಗ್ರಿ ವಾಲಿ ಹೊರಡುತ್ತದೆ. ಗೋಲ ತ್ರಿಕೋನಮಿತಿ ಗೊತ್ತಿರುವ ಪಿ.ಯು. ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಬಹುದು. ಮೆಕ್ಕಾದ ರೇಖಾಂಶ 39.8, ಯೋಗ್ಯಕರ್ತದ್ದು 110.4 ಡಿಗ್ರಿ ಪೂರ್ವ. ಇಪ್ಪತ್ತೈದು ಡಿಗ್ರಿ ಎಂದರೆ ಸಣ್ಣ ತಪ್ಪಲ್ಲ. ನೇರ ಪಶ್ಚಿಮಕ್ಕೆ ಮುಖ ಮಾಡಿ ನಿಂತವರು ಮೆಕ್ಕಾವನ್ನು ಎರಡೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚು ತಪ್ಪಿಸಿ, ಪೂರ್ವ ಆಫ್ರಿಕಾದ ಕರಾವಳಿಯನ್ನು ನೋಡುತ್ತಿದ್ದರು.

ದಹ್ಲಾನ್ ಖಗೋಳ ಗಣಿತ ಕಲಿತಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಊರಿನ ವಿದ್ವಾಂಸರನ್ನು ಕರೆದು ಈ ವಿಷಯ ಚರ್ಚೆಗಿಟ್ಟರು. ಒಮ್ಮತ ಬರಲಿಲ್ಲ. ಅದಾದ ಮೇಲೆ ಒಂದು ದಿನ ನೋಡಿದರೆ ದೊಡ್ಡ ಮಸೀದಿಯ ನೆಲದಲ್ಲಿ ಓರೆ ಗೆರೆಗಳು! ಹೊಸ ದಿಕ್ಕನ್ನು ಒಪ್ಪಿದ ಯಾರೋ ಎಳೆದಿದ್ದರು. ಮಸೀದಿಯ ಮುಖ್ಯಾಧಿಕಾರಿಗೆ ಕೋಪ ಬಂತು. ಗೆರೆ ಅಳಿಸಲು ಅಪ್ಪಣೆಯಾಯಿತು. ದಹ್ಲಾನ್ ತಮ್ಮದೇ ಪುಟ್ಟ ಪ್ರಾರ್ಥನಾ ಮಂದಿರವನ್ನು ಸರಿಯಾದ ದಿಕ್ಕಿಗೆ ಕಟ್ಟಿಕೊಂಡಿದ್ದರು, ಅದನ್ನು ಕೆಡವಲಾಯಿತು. ಕೆಡವಿದವರು ಡಚ್ಚರಲ್ಲ ಎಂಬುದನ್ನು ಗಮನಿಸಿ. ಅದೇ ಕೇರಿಯಲ್ಲಿ, ಅದೇ ಪ್ರಾರ್ಥನೆ ಮಾಡುವ ಜನ. ನೊಂದ ದಹ್ಲಾನ್ ಊರು ಬಿಟ್ಟು ಹೊರಟೇಬಿಟ್ಟಿದ್ದರಂತೆ. ಬಂಧುಗಳು ತಡೆದು, ಮತ್ತೆ ಕಟ್ಟಿಸಿಕೊಡುತ್ತೇವೆ ಎಂದು ಹೇಳಿ ಉಳಿಸಿಕೊಂಡರು.

ವಿರೋಧಿಸಿದವರನ್ನು ಮೂಢರೆಂದು ತಳ್ಳಿಹಾಕುವುದು ಸುಲಭ. ಹಾಗೆ ಮಾಡುವುದು ನ್ಯಾಯವಲ್ಲ. ನೂರಿಪ್ಪತ್ತು ವರ್ಷ ತಂದೆ ತಾತಂದಿರು ನಿಂತು ಪ್ರಾರ್ಥಿಸಿದ ದಿಕ್ಕು ತಪ್ಪು ಎಂದು ಮೂವತ್ತರ ಯುವಕನೊಬ್ಬ ಹೇಳುತ್ತಾನೆ. ಅವನ ಕೈಯಲ್ಲಿರುವುದು ಭೂಪಟ. ಭೂಪಟ ಯಾರದು? ಆಳುವ ಬಿಳಿಯರದು ಎಂಬುದು ಅವರ ಅನುಮಾನ. ನಿಜವಾಗಿ ನೋಡಿದರೆ ಕಿಬ್ಲಾದ ಲೆಕ್ಕವನ್ನು ಒಂಬತ್ತನೆಯ ಶತಮಾನದಷ್ಟು ಹಿಂದೆಯೇ ಬಾಗ್ದಾದಿನ ಗಣಿತಜ್ಞರು ಮಾಡಿದ್ದರು. ಹನ್ನೊಂದನೆಯ ಶತಮಾನದಲ್ಲಿ ಅಲ್ ಬಿರೂನಿ ಅದಕ್ಕಾಗಿ ಒಂದು ಗ್ರಂಥವನ್ನೇ ಬರೆದ. ಮನೆಯದೇ ಆದ ವಿದ್ಯೆ ಪರರದೆಂದು ಕಾಣಿಸುವಷ್ಟು ಮರೆತುಹೋಗಿತ್ತು. ನನಗೆ ಈ ಕಥೆಯಲ್ಲಿ ಬಹಳ ದುಃಖದ ಭಾಗ ಎನಿಸುವುದು ಇದೇ.

ಗೆರೆಯಲ್ಲಿ ಸೋತ ದಹ್ಲಾನ್ ಶಾಲೆಯ ಕಡೆ ತಿರುಗಿದರು. 1908ರಲ್ಲಿ ಬಟಾವಿಯಾದ, ಅಂದರೆ ಇಂದಿನ ಜಕಾರ್ತದ, ವೈದ್ಯಕೀಯ ಶಾಲೆಯ ವಿದ್ಯಾರ್ಥಿಗಳು 'ಬುದಿ ಉತೊಮೊ' ಎಂಬ ಸಂಘ ಕಟ್ಟಿದ್ದರು. ಹೆಸರನ್ನು ಜೋರಾಗಿ ಓದಿದರೆ ಕನ್ನಡಿಗರಿಗೆ ಅರ್ಥ ಹೇಳಬೇಕಾಗಿಲ್ಲ. ದಹ್ಲಾನ್ ಅದನ್ನು ಸೇರಿದರು. ಸಭೆ ಕರೆಯುವುದು, ನಡಾವಳಿ ಬರೆಯುವುದು, ಲೆಕ್ಕ ಇಡುವುದು, ಸರ್ಕಾರಕ್ಕೆ ಅರ್ಜಿ ಹಾಕುವುದು, ಎಲ್ಲವನ್ನೂ ಅಲ್ಲಿ ಕಲಿತರು. ಡಚ್ಚರು ನಡೆಸುತ್ತಿದ್ದ ಶಿಕ್ಷಕರ ತರಬೇತಿ ಶಾಲೆಯಲ್ಲಿ ಧರ್ಮಪಾಠ ಹೇಳಲು ಅನುಮತಿ ಪಡೆದರು. ಹೊಸ ಶಾಲೆಯ ಹುಡುಗರಿಗೆ ಧರ್ಮ ಗೊತ್ತಿಲ್ಲ, ಮದ್ರಸಾದ ಹುಡುಗರಿಗೆ ಲೆಕ್ಕ, ಭೂಗೋಳ ಗೊತ್ತಿಲ್ಲ. ಈ ಎರಡನ್ನೂ ಒಂದೇ ಕೋಣೆಯಲ್ಲಿ ಕೂರಿಸುವುದು ಅವರ ಯೋಚನೆ. 1911ರಲ್ಲಿ ತಮ್ಮ ಮನೆಯ ಮುಂಗೋಣೆಯಲ್ಲೇ ಬೆರಳೆಣಿಕೆಯ ಮಕ್ಕಳೊಂದಿಗೆ ಶಾಲೆ ಶುರುವಾಯಿತು. ಬೆಂಚು, ಮೇಜು, ಕರಿಹಲಗೆ. 1912ರ ನವೆಂಬರ್ 18ರಂದು ಅದರ ಬೆನ್ನಿಗೆ 'ಮುಹಮ್ಮದಿಯಾ' ಸಂಘ ಹುಟ್ಟಿತು.

ಬೆಂಚು ಎಂದರೆ ಇವತ್ತು ನಮಗೆ ಬರೀ ಮರದ ಹಲಗೆ. ಅಂದು ಅದು ಧರ್ಮಭ್ರಷ್ಟತೆಯ ಗುರುತು. ಮಕ್ಕಳು ಚಾಪೆಯ ಮೇಲೆ ಗುರುವಿನ ಸುತ್ತ ಕೂತು ಕಲಿಯಬೇಕು. ಮೇಜು ಕುರ್ಚಿ ಬಿಳಿಯರ ಪದ್ಧತಿ. ದಹ್ಲಾನ್‌ಗೆ 'ಕಾಫಿರ ಗುರು' ಎಂಬ ಅಡ್ಡಹೆಸರು ಬಿತ್ತು. ಮಗೆಲಾಂಗ್ ಊರಿನಿಂದ ಒಬ್ಬ ಗುರು ಅವರನ್ನು ತರಾಟೆಗೆ ತೆಗೆದುಕೊಳ್ಳಲೆಂದೇ ಬಂದರಂತೆ. ದಹ್ಲಾನ್ ಕೇಳಿದ್ದು ಒಂದೇ ಮಾತು: ತಾವು ಇಲ್ಲಿಗೆ ಹೇಗೆ ಬಂದಿರಿ? ರೈಲಿನಲ್ಲಿ ಎಂದರು ಅವರು. ಹಾಗಾದರೆ ವಾಪಸ್ಸು ನಡೆದುಕೊಂಡೇ ಹೋಗಿ, ರೈಲು ಮಾಡಿದವರೂ ಅವರೇ ಅಲ್ಲವೇ ಎಂದರಂತೆ ದಹ್ಲಾನ್. ಅಲ್ಲಿನ ಜನ ಈಗಲೂ ನಗುತ್ತಾ ಹೇಳುವ ಕಥೆ ಇದು. ಸ್ವಲ್ಪ ಉಪ್ಪು ಖಾರ ಸೇರಿರಬಹುದು.

ಇನ್ನೊಂದು ಕಥೆ ನಗುವಿನದಲ್ಲ. ಬೆಳಗಿನ ಪಾಠದಲ್ಲಿ ಅವರು ಕುರ್‌ಆನಿನ ಪುಟ್ಟದೊಂದು ಅಧ್ಯಾಯವನ್ನು, ಅನಾಥರನ್ನು ಮತ್ತು ಬಡವರನ್ನು ಕಡೆಗಣಿಸಿ ಪ್ರಾರ್ಥಿಸುವವರ ಬಗ್ಗೆ ಇರುವ 'ಅಲ್ ಮಾಊನ್' ಅನ್ನು, ದಿನವೂ ಅದನ್ನೇ ಹೇಳಿಕೊಡುತ್ತಿದ್ದರು. ಬೇಸತ್ತ ಶಿಷ್ಯರು, ನಮಗೆ ಇದು ಬಾಯಿಗೆ ಬಂದಿದೆ, ಮುಂದಿನದು ಯಾವಾಗ ಎಂದರು. ಬಾಯಿಗೆ ಬಂದಿದೆ, ಮಾಡಿದ್ದೀರಾ ಎಂದು ಗುರುಗಳು ಕೇಳಿದರು. ಪಾಠ ಅಲ್ಲಿಗೆ ನಿಲ್ಲಿಸಿ, ಊರಲ್ಲಿರುವ ಅನಾಥ ಮಕ್ಕಳನ್ನು ಹುಡುಕಿ ತನ್ನಿ, ಸ್ನಾನ ಮಾಡಿಸಿ, ಬಟ್ಟೆ ಕೊಡಿ, ಊಟ ಹಾಕಿ ಎಂದು ಕಳಿಸಿದರು. ಬಾಯಿಪಾಠಕ್ಕೆ ಅಂಕ ಕೊಟ್ಟು ಕೊಟ್ಟು ಸವೆದ ನನ್ನಂಥ ಮೇಷ್ಟರಿಗೆ ಈ ಕಥೆ ಸ್ವಲ್ಪ ಚುಚ್ಚುತ್ತದೆ.

ಯೋಗ್ಯಕರ್ತದಲ್ಲಿ ಆ ಹೊತ್ತಿಗೆ ಕ್ರೈಸ್ತ ಮಿಷನ್ನಿನ ಪೆಟ್ರೊನೆಲ್ಲಾ ಆಸ್ಪತ್ರೆ ಇತ್ತು. ಹತ್ತಿರದ ಮುಂತಿಲಾನ್‌ನಲ್ಲಿ ಜೆಸುಯಿಟ್ ಪಾದ್ರಿಗಳ ಶಾಲೆ ಇತ್ತು. ಅವರ ಸೇವೆಯನ್ನು ಬೈಯುತ್ತಾ ಕೂರುವ ಬದಲು ಅದೇ ಕೆಲಸ ನಾವೂ ಮಾಡೋಣ ಎಂದರು ಮುಹಮ್ಮದಿಯಾದವರು. ಆಸ್ಪತ್ರೆ, ಅನಾಥಾಲಯ ಕಟ್ಟುತ್ತೇವೆ ಎಂದು ಕಿಯಾಯಿ ಸುಜಾ ಎಂಬ ಯುವ ಶಿಷ್ಯ 1920ರ ಸಭೆಯಲ್ಲಿ ಹೇಳಿದಾಗ ಸಭಿಕರು ಗೊಳ್ಳೆಂದು ನಕ್ಕರಂತೆ. 1923ರ ಫೆಬ್ರವರಿಯಲ್ಲಿ ಚಿಕಿತ್ಸಾಲಯ ತೆರೆಯಿತು. ಅದೇ ತಿಂಗಳ 23ರಂದು ದಹ್ಲಾನ್ ತೀರಿಕೊಂಡರು. ಒಂದು ಕಾಲದಲ್ಲಿ ಉಪಾಧ್ಯಾಯರ ಸಂಬಳಕ್ಕೆ ದುಡ್ಡಿಲ್ಲದೆ ಅವರು ಮನೆಯ ಸಾಮಾನನ್ನೇ ಹರಾಜಿಗಿಟ್ಟಿದ್ದರು ಎಂದು ಹೇಳುತ್ತಾರೆ.

ಹೆಣ್ಣುಮಕ್ಕಳ ವಿಷಯ ಬಿಡುವಂತಿಲ್ಲ. ದಹ್ಲಾನರ ಪತ್ನಿ ಸಿತಿ ವಾಲಿದಾ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆಕೆ ಬಾತಿಕ್ ಕೆಲಸದ ಹೆಂಗಸರಿಗೆ ಸಂಜೆಯ ಹೊತ್ತು ಅಕ್ಷರ ಕಲಿಸಲು ಕೂತರು. 1917ರಲ್ಲಿ ಮಹಿಳೆಯರ ಸಂಘ 'ಆಯಿಶಿಯಾ' ಹುಟ್ಟಿತು, 1919ರಲ್ಲಿ ಶಿಶುವಿಹಾರ, 1922ರಲ್ಲಿ ಕೌಮಾನ್‌ನಲ್ಲಿ ಹೆಂಗಸರದೇ ಪ್ರಾರ್ಥನಾ ಮಂದಿರ. 1926ರಲ್ಲಿ ಸುರಬಾಯದಲ್ಲಿ ನಡೆದ ಮುಹಮ್ಮದಿಯಾ ಮಹಾಸಭೆಯ ಕಲಾಪವನ್ನು, ಗಂಡಸರು ತುಂಬಿದ ಸಭೆಯಲ್ಲಿ, ಆಕೆ ಅಧ್ಯಕ್ಷೆಯಾಗಿ ನಡೆಸಿದರು.

ಈಗ ಹರಡಿದ ಬಗೆ ನೋಡಿ. 1914ರಲ್ಲಿ ಡಚ್ ಸರ್ಕಾರ ಸಂಘಕ್ಕೆ ಮಾನ್ಯತೆ ಕೊಟ್ಟಿತು, ಯೋಗ್ಯಕರ್ತದ ಗಡಿಯೊಳಗೆ ಮಾತ್ರ ಎಂಬ ಷರತ್ತಿನೊಂದಿಗೆ. ಸರಿ, ಗಡಿಯಾಚೆ ಬೇರೆ ಹೆಸರಿನ ಸಂಘಗಳು ಎದ್ದವು! ಪೆಕಲೋಂಗನ್‌ನಲ್ಲಿ 'ನೂರುಲ್ ಇಸ್ಲಾಂ', ಮಕಸ್ಸರ್‌ನಲ್ಲಿ 'ಅಲ್ ಮುನೀರ್'. ಹೆಸರು ಬೇರೆ, ಕೆಲಸ ಅದೇ. 1921ರಲ್ಲಿ ಇಡೀ ವಸಾಹತಿಗೆ ಅನುಮತಿ ದೊರೆಯಿತು. 1925ರಲ್ಲಿ ಹಾಜಿ ರಸೂಲ್ ಎಂದು ಹೆಸರಾಗಿದ್ದ ಅಬ್ದುಲ್ ಕರೀಂ ಅಮ್ರುಲ್ಲಾ ಅದನ್ನು ಸುಮಾತ್ರಾದ ಮಿನಾಂಗ್‌ಕಬಾವು ನಾಡಿಗೆ ಒಯ್ದರು. ಅವರ ಮಗ, ಮುಂದೆ ದೊಡ್ಡ ಸಾಹಿತಿಯಾದ ಹಮ್ಕಾ, ಮಕಸ್ಸರ್‌ಗೆ ಪ್ರಚಾರಕರಾಗಿ ಹೋದರು. ಬಾತಿಕ್ ವ್ಯಾಪಾರಿಗಳು, ಶಾಲಾ ಮೇಷ್ಟರು, ಕಚೇರಿ ಗುಮಾಸ್ತರು ಡಚ್ಚರ ರೈಲು ಮತ್ತು ಹಡಗಿನಲ್ಲಿ ಓಡಾಡಿದರು. 1915ರಿಂದ ಬರುತ್ತಿದ್ದ 'ಸುವಾರಾ ಮುಹಮ್ಮದಿಯಾ' ಪತ್ರಿಕೆ ಅಂಚೆಯಲ್ಲಿ ಹೋಯಿತು. ಕತ್ತಿಯಿಲ್ಲ, ಸುಲ್ತಾನರ ಫರ್ಮಾನಿಲ್ಲ. 1930ರ ಜನಗಣತಿಯ ವೇಳೆಗೂ ಆ ನಾಡಿನ ಮೂಲನಿವಾಸಿಗಳಲ್ಲಿ ನೂರಕ್ಕೆ ಹತ್ತು ಮಂದಿಗೂ ಓದು ಬರಹ ಬರುತ್ತಿರಲಿಲ್ಲ. ಅಂಥ ಕಡೆ ಮಗುವಿಗೆ ಅಕ್ಷರ ಕಲಿಸುವವರ ಮಾತನ್ನು ತಾಯಿ ತಂದೆ ಕೇಳದೆ ಇರುತ್ತಾರೆಯೇ?

ಸಂಘದ ಶಾಲೆಗಳು ಸರ್ಕಾರದ ಅನುದಾನವನ್ನೂ ತೆಗೆದುಕೊಂಡವು. ಇದಕ್ಕೆ ಟೀಕೆ ಬಂತು, ಬರಬೇಕಾದದ್ದೇ. ಅದೇ ಯೋಗ್ಯಕರ್ತದಲ್ಲಿ 1922ರಲ್ಲಿ ಕಿ ಹಜಾರ್ ದೇವಾಂತರ ಆರಂಭಿಸಿದ 'ತಾಮನ್ ಸಿಸ್ವಾ', ಎಂದರೆ ಶಿಷ್ಯರ ಉದ್ಯಾನ, ಡಚ್ಚರ ಒಂದು ಕಾಸನ್ನೂ ಮುಟ್ಟಲಿಲ್ಲ. ಆಳುವವರ ಹಣದಲ್ಲಿ ಶಾಲೆ ನಡೆಸಿ ಸ್ವಾಭಿಮಾನ ಕಲಿಸಲು ಆಗುತ್ತದೆಯೇ? ಉತ್ತರ ಅಷ್ಟು ಸುಲಭವಲ್ಲ. 1932ರಲ್ಲಿ ಸರ್ಕಾರ ಖಾಸಗಿ ಶಾಲೆಗಳಿಗೆ ಮೂಗುದಾರ ಹಾಕುವ ಕಾನೂನು ತಂದಾಗ ಅನುದಾನ ಪಡೆದವರು, ಪಡೆಯದವರು ಇಬ್ಬರೂ ಸೇರಿ ಎದುರಿಸಿದರು. ಮರುವರ್ಷ ಸರ್ಕಾರ ಕಾನೂನನ್ನು ಹಿಂತೆಗೆದುಕೊಂಡಿತು. ಸ್ವತಂತ್ರ ಇಂಡೋನೇಷ್ಯಾದ ಸೇನೆಯ ಮೊದಲ ಮಹಾದಂಡನಾಯಕ ಸುದಿರ್ಮಾನ್ ಮುಹಮ್ಮದಿಯಾ ಶಾಲೆಯಲ್ಲಿ ಮೇಷ್ಟರಾಗಿದ್ದವರು, ಅದರ ಸ್ಕೌಟ್ ದಳದಲ್ಲಿ ಬೆಳೆದವರು.

ಎಲ್ಲರೂ ಒಪ್ಪಿದರು ಎಂದುಕೊಳ್ಳಬೇಡಿ. ಹಳ್ಳಿಯ ಗುರುಗಳಿಗೆ ತಮ್ಮ ಪರಂಪರೆ, ಗೋರಿಗಳಿಗೆ ಹೋಗುವ ರೂಢಿ, ಸತ್ತವರಿಗಾಗಿ ಕೂಡಿ ಪ್ರಾರ್ಥಿಸುವುದು ಬಿಡಲಾಗದ ಸಂಗತಿಗಳು. 1926ರಲ್ಲಿ ಸುರಬಾಯದಲ್ಲಿ ಅವರದೇ 'ನಹ್ದತುಲ್ ಉಲಮಾ' ಹುಟ್ಟಿತು. ಅದರ ಮುಂದಾಳು ಹಾಶಿಮ್ ಅಶ್ಅರಿ ಕೂಡ ಮೆಕ್ಕಾದಲ್ಲಿ ಓದಿದವರೇ. ವಿಚಿತ್ರವೆಂದರೆ ಸುಧಾರಣೆಯನ್ನು ವಿರೋಧಿಸಲು ಅವರೂ ಸಂಘ ಕಟ್ಟಿದರು, ನಿಯಮಾವಳಿ ಬರೆದರು, ಶಾಲೆಗಳನ್ನು ಹೆಚ್ಚಿಸಿದರು. ಸುಧಾರಕರಿಗಿಂತ ಹೆಚ್ಚು ಜನ ಇವರ ಹಿಂದೆ ಹೋದರು. ಹುಡುಗಿಯ ಪ್ರಶ್ನೆಗೆ ಉತ್ತರದ ಒಂದು ಭಾಗ ಇಲ್ಲಿದೆ: ಪೈಪೋಟಿಯಲ್ಲಿ ಎರಡೂ ಕಡೆಯ ಬೇರು ಆಳಕ್ಕಿಳಿಯಿತು. ಸುಧಾರಕರು ತೊರೆದ ಸ್ಲಾಮೆತಾನ್ ಬಗ್ಗೆ ನನಗೆ ಸ್ವಲ್ಪ ಮರುಕವೂ ಇದೆ. ನೆರೆಹೊರೆಯವರೆಲ್ಲ ಒಂದು ಚಾಪೆಯ ಮೇಲೆ ಕೂತು ಉಣ್ಣುವ ಪದ್ಧತಿಯಲ್ಲಿ, ಶಾಸ್ತ್ರಕ್ಕೆ ಸಿಗದ ಏನೋ ಒಂದು ಒಳ್ಳೆಯದು ಇದ್ದಿರಬೇಕು.

ಮುಹಮ್ಮದಿಯಾ ಇಂದು ಸಾವಿರಾರು ಶಾಲೆಗಳನ್ನು, ನೂರಕ್ಕೂ ಹೆಚ್ಚು ಆಸ್ಪತ್ರೆಗಳನ್ನು, ನೂರೈವತ್ತಕ್ಕೂ ಮಿಕ್ಕಿದ ಉನ್ನತ ಶಿಕ್ಷಣ ಸಂಸ್ಥೆಗಳನ್ನು ನಡೆಸುತ್ತಿದೆ. ಲೆಕ್ಕದ ಮೇಲಿನ ನಂಬಿಕೆಯನ್ನೂ ಬಿಟ್ಟಿಲ್ಲ. ಚಂದ್ರನನ್ನು ಕಣ್ಣಾರೆ ಕಾಣುವವರೆಗೆ ಕಾಯದೆ, ಗಣಿತದಿಂದಲೇ ತಿಂಗಳು ನಿರ್ಧರಿಸುತ್ತದೆ. ಹಾಗಾಗಿ 2023ರಲ್ಲಿ ಅದರ ಸದಸ್ಯರು ಏಪ್ರಿಲ್ 21ಕ್ಕೆ ರಂಜಾನ್ ಹಬ್ಬ ಮಾಡಿದರೆ ಸರ್ಕಾರದ ಹಬ್ಬ 22ಕ್ಕೆ ಬಂತು. ಒಂದೇ ಬೀದಿಯಲ್ಲಿ ಒಂದು ಮನೆಗೆ ಹಬ್ಬ, ಪಕ್ಕದ ಮನೆಗೆ ಉಪವಾಸ.

ಕಿಬ್ಲಾದ ಮಾತು ಕೂಡ ಅಷ್ಟು ಬೇಗ ಮುಗಿಯಲಿಲ್ಲ. 2010ರಲ್ಲಿ ಇಂಡೋನೇಷ್ಯಾದ ಉಲಮಾ ಪರಿಷತ್ತು ಪಶ್ಚಿಮಕ್ಕೆ ಮುಖ ಮಾಡಿದರೆ ಸಾಕು ಎಂದು ಫತ್ವಾ ಕೊಟ್ಟಿತು. ಆಕ್ಷೇಪಗಳು ಬಂದವು. ಅದೇ ವರ್ಷ ಇನ್ನೊಂದು ಫತ್ವಾ ಹೊರಡಿಸಿ, ದಿಕ್ಕು ವಾಯವ್ಯ, ಊರಿಂದೂರಿಗೆ ಬೇರೆ ಎಂದು ತಿದ್ದಿಕೊಂಡಿತು. ಸರಿಪಡಿಸಿಕೊಳ್ಳಲು ಅಲ್ಲಿನ ಜನ ಬಳಸುವ ಉಪಾಯಕ್ಕೆ ಖರ್ಚಿಲ್ಲ. ವರ್ಷಕ್ಕೆ ಎರಡು ಸಲ ಸೂರ್ಯ ಮೆಕ್ಕಾದ ನೆತ್ತಿಯ ಮೇಲೆ ಬರುತ್ತಾನೆ. ಆ ಗಳಿಗೆಯಲ್ಲಿ ಸೂರ್ಯ ಕಾಣುವ ಯಾವ ಊರಿನಲ್ಲೇ ಆಗಲಿ, ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಮೆಕ್ಕಾಕ್ಕೆ ಸರಿಯಾಗಿ ವಿರುದ್ಧ ದಿಕ್ಕಿಗೆ ಬೀಳುತ್ತದೆ. ನಮ್ಮ ಗಡಿಯಾರದಲ್ಲಿ ಅದು ಮೇ 28ರ ಮಧ್ಯಾಹ್ನ 2 ಗಂಟೆ 48 ನಿಮಿಷ. ಒಂದು ದಿನ ಹಿಂದೆ ಮುಂದೆಯಾದರೂ ಹೆಚ್ಚು ವ್ಯತ್ಯಾಸವಿಲ್ಲ. ಬೇಸಿಗೆ ರಜೆ, ಅಂಗಳದಲ್ಲಿ ಒಂದು ಕೋಲು ನೆಡಿ, ನೂಲುಗುಂಡು ಕಟ್ಟಿ ನೇರ ಮಾಡಿ, ನೆರಳಿನ ತುದಿಯಿಂದ ಬುಡಕ್ಕೆ ಗೆರೆ ಎಳೆಯಿರಿ. ಬೆಂಗಳೂರಿನಲ್ಲಾದರೆ ಅದು ಪಶ್ಚಿಮದಿಂದ ಉತ್ತರಕ್ಕೆ ಹದಿನೆಂಟು ಹತ್ತೊಂಬತ್ತು ಡಿಗ್ರಿ ಓರೆಯಾಗಿರಬೇಕು. ತಪ್ಪಿಹೋದರೆ ಜುಲೈ 16ರಂದು 2 ಗಂಟೆ 57 ನಿಮಿಷಕ್ಕೆ ಇನ್ನೊಂದು ಅವಕಾಶವಿದೆ, ಮುಂಗಾರಿನ ಮೋಡ ಬಿಟ್ಟುಕೊಟ್ಟರೆ.